ಮೋಡದ ಕಾಡಿನ ಕೋಟೆಗಳು

ಪೆರು ದೇಶವೆಂದ ಕೂಡಲೆ ನಮ್ಮಲ್ಲಿ ಚರಿತ್ರೆಯನ್ನು ಓದಿದವರ ಮನಸ್ಸಿಗೆ ಬರತಕ್ಕವರು ಇಂಕರು. ಅವರ ಚಿನ್ನ, ಅವರ ಸೂರ್ಯಾರಾಧನೆ, ಸಂದು ತೋರದಂತೆ ಕೂಡಿಸಿದ ಅವರ ಕಲ್ಲುಗೋಡೆಗಳು, ಮಾಚು ಪಿಚ್ಚು ಎಂಬ ಪರ್ವತನಗರ, ಇವುಗಳ ವರ್ಣನೆಯನ್ನು ನಾವು ಹಲವು ಕಡೆ ಓದಿದ್ದೇವೆ. ಆದರೆ ಇಂಕರ ಸಾಮ್ರಾಜ್ಯವು ವಿಸ್ತಾರವಾಗಿ ಹರಡಿ ನಿಂತದ್ದು ಸುಮಾರು ಒಂದು ನೂರು ವರ್ಷಗಳ ಕಾಲ ಮಾತ್ರ. ಅವರಿಗಿಂತ ಎಷ್ಟೋ ಹಿಂದಿನಿಂದ ಆ ದೇಶದಲ್ಲಿ ಬೇರೆ ಬೇರೆ ಜನಾಂಗಗಳು ಊರು ಕಟ್ಟಿ, ಬೆಳೆ ಬೆಳೆದು, ತಮ್ಮ ತಮ್ಮ ದೇವರುಗಳನ್ನು ಪೂಜಿಸಿಕೊಂಡು ಬಾಳಿದ್ದುವು. ಅವುಗಳಲ್ಲಿ ಒಂದು ಜನಾಂಗವನ್ನೂ, ಅದು ಬಾಳಿದ ಮೋಡ ಮುಸುಕಿದ ನಾಡನ್ನೂ, ಅಲ್ಲಿಗೆ ಹೋಗತಕ್ಕ ಯಾತ್ರಿಕನು ಏನನ್ನು ಗಮನಿಸಬೇಕೆಂಬುದನ್ನೂ ಕುರಿತು ಈ ಭಾಷಣದಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ಪೆರು ದೇಶದ ಉತ್ತರಭಾಗದಲ್ಲಿ ಆಂಡೀಸ್ ಪರ್ವತಶ್ರೇಣಿಯು ಪೂರ್ವಕ್ಕೆ, ಅಮೆಜಾನ್ ನದಿಯ ಮಹಾರಣ್ಯದ ಕಡೆಗೆ, ಇಳಿಯುವ ಮಗ್ಗುಲಲ್ಲಿ ಚಾಚಪೊಯಾಸ್ ಎಂಬ ಪ್ರಾಂತವಿದೆ. ಅದರ ಪಶ್ಚಿಮಕ್ಕೆ ಮರಾನ್ಯೋನ್ ನದಿಯು ಆಳವಾದ ಕಮರಿಯನ್ನು ಕೊರೆದುಕೊಂಡು ಹರಿಯುತ್ತದೆ; ಪೂರ್ವಕ್ಕೆ ಹುವಾಯಾಗ ನದಿಯ ತಗ್ಗು ಪ್ರದೇಶವಿದೆ. ನಡುವಣ ಬೆಟ್ಟಗಳನ್ನು ಸೀಳಿಕೊಂಡು ಉಟ್ಕುಬಂಬ ಎಂಬ ಉಪನದಿಯು ಹರಿಯುತ್ತದೆ. ಸಮುದ್ರಮಟ್ಟಕ್ಕೆ ಸುಮಾರು ೭,೬೦೦ ಅಡಿಗಳ ಮೇಲಿರುವ ಚಾಚಪೊಯಾಸ್ ಪಟ್ಟಣವು ಈ ಸೀಮೆಯ ಮುಖ್ಯಸ್ಥಳ. ಅದನ್ನು ಸ್ಥಾಪಿಸಿದವನು ಆಲೋನ್ಸೊ ದೆ ಆಲ್ವರಾದೊ ಎಂಬ ಸ್ಪೇನಿನ ದಳಪತಿ, ವರ್ಷ ೧೫೩೮. ಬಿಳಿಯ ಗೋಡೆಗಳ, ಮರದ ಮೊಗಸಾಲೆಗಳ ಆ ಶಾಂತವಾದ ಪಟ್ಟಣದಿಂದಲೇ ಯಾತ್ರಿಕರು ಸುತ್ತಲಿನ ಪ್ರಾಚೀನ ಸ್ಥಳಗಳಿಗೆ ಹೊರಡುವುದು ವಾಡಿಕೆ.

ಈ ನಾಡನ್ನು ಅರಿಯಬೇಕಾದರೆ ಮೊದಲು ಅಲ್ಲಿನ ಮೋಡವನ್ನು ಅರಿಯಬೇಕು. ಅಮೆಜಾನಿನ ಕಾಡುಗಳ ಮೇಲಿನ ಬಿಸಿಯಾದ ತೇವದ ಗಾಳಿಯು ಪಶ್ಚಿಮಕ್ಕೆ ಬೀಸಿ ಬಂದು ಆಂಡೀಸಿನ ಗೋಡೆಗೆ ತಗಲುತ್ತದೆ. ಮುಂದೆ ದಾರಿಯಿಲ್ಲದುದರಿಂದ ಅದು ಮೇಲಕ್ಕೇರಲೇ ಬೇಕು. ಏರಿದಂತೆಲ್ಲ ತಣ್ಣಗಾಗಿ, ತನ್ನಲ್ಲಿರುವ ನೀರಿನ ಆವಿಯನ್ನು ಹಿಡಿದಿಡಲಾರದೆ, ಮೋಡವಾಗಿ ಬೆಟ್ಟದ ಮೈಯನ್ನೇ ತಬ್ಬಿಕೊಳ್ಳುತ್ತದೆ. ಆಷಾಢದಲ್ಲಿ ಮಲೆನಾಡಿನ ಘಟ್ಟವನ್ನೇರಿದವರಿಗೆ ಇಂಥ ನೋಟ ಹೊಸದಲ್ಲ. ಆದರೆ ನಮ್ಮ ಘಟ್ಟದಲ್ಲಿ ಕೆಲವು ತಿಂಗಳು ಕಾಣುವ ಮಂಜು ಅಲ್ಲಿ ವರ್ಷದ ಬಹುಭಾಗವೂ ಬಂದು ಹೋಗುತ್ತಿರುತ್ತದೆ. ಮಳೆ ಬೀಳದ ದಿನವೂ ಎಲೆಗಳ ಮೇಲೆ, ಕೊಂಬೆಗಳ ಮೇಲೆ, ಹಾವಸೆಯ ಎಳೆಗಳ ಮೇಲೆ ಮಂಜು ಹನಿಗಟ್ಟಿ ನೆಲಕ್ಕೆ ತೊಟ್ಟಿಕ್ಕುತ್ತದೆ. ಮರವೇ ಗಾಳಿಯಿಂದ ನೀರನ್ನು ಸೋಸಿ ಕೆಳಕ್ಕಿಳಿಸುತ್ತದೆಂದರೂ ಸಲ್ಲುತ್ತದೆ. ಬೇಸಗೆಯಲ್ಲಿ ಕೆಳಗಿನ ಕಣಿವೆಗಳ ಹಳ್ಳಗಳು ಬತ್ತದಿರುವುದಕ್ಕೆ ಈ ಕಾಡು ಒಂದು ಮುಖ್ಯ ಕಾರಣ. ಕಾಡನ್ನು ಕಡಿದರೆ ಮೋಡವು ಬಂದಂತೆ ಬಂದು, ಕೊಡಬೇಕಾದುದನ್ನು ಕೊಡದೆ ಹೋಗಿಬಿಡುತ್ತದೆ.

ಇಂಥ ಕಾಡಿನಲ್ಲಿ ಮರದ ಮೇಲೆ ಮರವೆಂಬಂತೆ ಸಸ್ಯಗಳು ಬೆಳೆಯುತ್ತವೆ. ಸೀತಾಳೆಯ ನೂರಾರು ಜಾತಿಗಳು, ಅನಾನಸಿನ ಕುಲಕ್ಕೆ ಸೇರಿದ ಗಿಡಗಳು, ಜರಿಗಿಡಗಳು, ಪಾಚಿ, ಎಲ್ಲವೂ ಕೊಂಬೆಗಳ ಮೇಲೆ ಮನೆ ಮಾಡಿಕೊಂಡಿರುತ್ತವೆ. ಝೇಂಕಾರದ ಹಕ್ಕಿಗಳಲ್ಲಿ ಅತ್ಯಂತ ವಿಚಿತ್ರವಾದುದೊಂದು ಈ ಉತ್ತರ ಪೆರುವಿನ ಬೆಟ್ಟಗಳಲ್ಲಲ್ಲದೆ ಪ್ರಪಂಚದ ಬೇರೆಲ್ಲಿಯೂ ಇಲ್ಲ. ಅದರ ಬಾಲಕ್ಕೆ ನಾಲ್ಕೇ ಗರಿಗಳು. ಗಂಡುಹಕ್ಕಿಯಲ್ಲಿ ಅವುಗಳ ಪೈಕಿ ಎರಡು ಸಣ್ಣ ತಂತಿಯಂತೆ ಉದ್ದವಾಗಿ ಬೆಳೆದು, ತುದಿಯಲ್ಲಿ ನೇರಿಳೆಯ ಬಣ್ಣದ ಬಿಲ್ಲೆಗಳಾಗಿ ಮುಗಿಯುತ್ತವೆ. ಹಳದಿ ಬಾಲದ ಉಣ್ಣೆಕೋತಿಯೆಂಬ ಪ್ರಾಣಿಯೂ ಈ ಕಾಡುಗಳದೇ. ಹಂಬೋಲ್ಟ್ ಎಂಬ ಪ್ರಖ್ಯಾತ ಜರ್ಮನ್ ವಿದ್ವಾಂಸನು ಅದರ ಚರ್ಮವನ್ನು ನೋಡಿ ೧೮೧೨ ರಲ್ಲಿ ವರ್ಣಿಸಿದನು. ಆಮೇಲೆ ಬಹುಕಾಲ ಅದು ನಾಶವಾಯಿತೆಂದೇ ಪಂಡಿತರು ನಂಬಿದ್ದರು. ೧೯೭೪ ರಲ್ಲಿ ಅದು ಮತ್ತೆ ಅವರ ಕಣ್ಣಿಗೆ ಬಿದ್ದಿತು. ಗೋಕ್ತ ಎಂಬ ಜಲಪಾತದ ಕಥೆಯೂ ಹೀಗೆಯೇ. ಎರಡು ಮೆಟ್ಟಿಲಾಗಿ ಸುಮಾರು ೨,೫೩೦ ಅಡಿಗಳ ಎತ್ತರದಿಂದ ಬೀಳುವ ಆ ಧಾರೆಯನ್ನು ಹೊರಗಿನ ಪ್ರಪಂಚವು ತಿಳಿದದ್ದು ೨೦೦೬ ರಲ್ಲಿ. ಕೆಳಗಿನ ಹಳ್ಳಿಗಳವರು ಅದನ್ನು ಹುಟ್ಟಿದಂದಿನಿಂದ ನೋಡುತ್ತಿದ್ದರು. ಈ ನಾಡಿನಲ್ಲಿ ಕಾಣದಿರುವುದು ಇಲ್ಲವೆಂದು ಹೇಳುವುದಕ್ಕೆ ಯಾರೂ ಅವಸರಪಡಬಾರದು.

ಇಲ್ಲಿ ಬಾಳಿದ ಜನರನ್ನು ಚಾಚಪೊಯರೆಂದು ಕರೆಯುತ್ತೇವೆ. ಆದರೆ ಇದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಅವರನ್ನು ಗೆದ್ದ ಇಂಕರ ಬಾಯಿಂದ ಸ್ಪೇನಿನವರು ಕೇಳಿ ಬರೆದಿಟ್ಟದ್ದು. ಮೋಡದ ಜನರೆಂದು ಅದಕ್ಕೆ ಅರ್ಥ ಹೇಳುವ ವಾಡಿಕೆಯುಂಟು. ವಿದ್ವಾಂಸರಲ್ಲಿ ಈ ವಿಷಯವಾಗಿ ಏಕಾಭಿಪ್ರಾಯವಿಲ್ಲ. ಅವರಿಗೆ ಲಿಪಿಯಿರಲಿಲ್ಲ. ಅವರು ಆಡುತ್ತಿದ್ದ ಭಾಷೆಯು ಕೆಲವು ಊರುಗಳ ಹೆಸರಿನಲ್ಲಿಯೂ ಕೆಲವು ಮನೆತನಗಳ ಹೆಸರಿನಲ್ಲಿಯೂ ಮಾತ್ರ ಚೂರುಚೂರಾಗಿ ಉಳಿದಿದೆ. ಒಬ್ಬನೇ ಅರಸನ ಕೆಳಗೆ ಒಂದಾಗಿದ್ದ ರಾಜ್ಯವೂ ಅವರದಲ್ಲ. ಒಂದೊಂದು ಬೆಟ್ಟದ ನೆತ್ತಿಯಲ್ಲಿ ಒಂದೊಂದು ಊರು, ಒಂದೊಂದು ಕಣಿವೆಗೆ ಒಬ್ಬೊಬ್ಬ ನಾಯಕ, ಹೀಗೆ ಅವರು ಹಂಚಿಕೊಂಡು ಬಾಳಿದರು. ಇಳಿಜಾರುಗಳಲ್ಲಿ ಮೆಟ್ಟಿಲು ಹೊಲಗಳನ್ನು ಕಟ್ಟಿ ಬೆಳೆ ತೆಗೆದರು. ಇಂದು ನಮ್ಮ ಅಡುಗೆಮನೆಗಳಲ್ಲಿ ನಿತ್ಯವೂ ಬಳಕೆಯಾಗುವ ಆಲೂಗೆಡ್ಡೆಯ ತವರು ಈ ಆಂಡೀಸ್ ಪರ್ವತಗಳೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಜನರ ಕೃತಿಗಳಲ್ಲಿ ಅತ್ಯಂತ ದೊಡ್ಡದು ಕ್ವೇಲಪ್. ಉಟ್ಕುಬಂಬ ನದಿಯ ಎಡದಂಡೆಯ ಮೇಲೆ, ಸುಮಾರು ೧೦,೦೦೦ ಅಡಿಗಳ ಎತ್ತರದಲ್ಲಿ, ಒಂದು ಬೆಟ್ಟದ ಏಣಿನ ಉದ್ದಕ್ಕೂ ಅದು ಮಲಗಿದೆ. ಉದ್ದ ಸುಮಾರು ೧,೯೦೦ ಅಡಿ, ಅಗಲ ಸುಮಾರು ೩೬೦ ಅಡಿ. ಸುತ್ತಲಿನ ಗೋಡೆಯು ಕೆಲವು ಕಡೆ ೬೦ ಅಡಿಗಳಿಗೂ ಮೇಲ್ಪಟ್ಟು ಎತ್ತರವಾಗಿದೆ. ಕಟ್ಟಿರುವುದು ಸುಣ್ಣದ ಕಲ್ಲಿನ ಚಪ್ಪಡಿಗಳಿಂದ. ಇದರ ನಿರ್ಮಾಣವು ಕ್ರಿಸ್ತಶಕ ಆರನೆಯ ಶತಮಾನದ ಸುಮಾರಿಗೆ ಆರಂಭವಾಗಿ ಹಲವು ತಲೆಮಾರುಗಳವರೆಗೆ ನಡೆಯಿತೆಂದು ಶೋಧಕರು ನಿರ್ಧರಿಸಿದ್ದಾರೆ. ಎಂದರೆ ಇಂಕರು ಈ ಸೀಮೆಗೆ ಕಾಲಿಡುವುದಕ್ಕೆ ಎಂಟು ಒಂಬತ್ತು ನೂರು ವರ್ಷಗಳ ಮೊದಲೇ ಇಲ್ಲಿ ಕಲ್ಲಿನ ಕೆಲಸ ಸಾಗಿತ್ತು.

ಒಳಕ್ಕೆ ಹೋಗುವುದಕ್ಕೆ ಮೂರೇ ದ್ವಾರಗಳು. ಅವು ನಮ್ಮ ಕೋಟೆಗಳ ಹೆಬ್ಬಾಗಿಲುಗಳಂಥವಲ್ಲ. ಎರಡು ಪಕ್ಕದಲ್ಲಿಯೂ ಎತ್ತರವಾದ ಗೋಡೆಗಳಿರುವ ಓಣಿಯೊಂದು ಮೇಲಕ್ಕೇರುತ್ತ ಏರುತ್ತ ಇಕ್ಕಟ್ಟಾಗಿ, ಕೊನೆಗೆ ಒಬ್ಬನೇ ಮನುಷ್ಯನು ಹಿಡಿಯುವಷ್ಟು ಕಿರಿದಾಗುತ್ತದೆ. ಸಾವಿರ ಜನರ ಸೈನ್ಯ ಬಂದರೂ ಒಬ್ಬೊಬ್ಬರಾಗಿಯೇ ನುಗ್ಗಬೇಕು. ಒಳಗೆ ೪೦೦ಕ್ಕೂ ಹೆಚ್ಚು ಮನೆಗಳ ತಳಹದಿಗಳಿವೆ. ಎಲ್ಲೋ ಕೆಲವನ್ನು ಬಿಟ್ಟರೆ ಎಲ್ಲವೂ ಗುಂಡಾದವು. ಮೇಲೆ ಹುಲ್ಲು ಹೊದಿಸಿದ ಶಂಕುವಿನಾಕಾರದ ಮಾಡುಗಳಿದ್ದುವು. ಗೋಡೆಗಳ ಮೇಲೆ ಅಲ್ಲಲ್ಲಿ ಅಂಕುಡೊಂಕಿನ ಪಟ್ಟಿಕೆ, ವಜ್ರಾಕಾರದ ಪಟ್ಟಿಕೆ ಕಾಣುತ್ತದೆ. ಮನೆಯೊಳಗೆ ಬೀಸುವ ಕಲ್ಲು, ಒಲೆಯ ಜಾಗ, ಆಹಾರಕ್ಕೆಂದು ಸಾಕುತ್ತಿದ್ದ ಗಿನಿಹಂದಿಗಳ ಗೂಡು ಇವನ್ನು ಗುರುತಿಸಬಹುದು. ದಕ್ಷಿಣದ ತುದಿಯಲ್ಲಿ ಮಸಿಕುಡಿಕೆಯೆಂದು ಹೆಸರಾದ ಕಟ್ಟಡವೊಂದಿದೆ. ಅದು ತಲೆಕೆಳಗಾಗಿ ನಿಲ್ಲಿಸಿದ ಶಂಕುವಿನಂತೆ ಕೆಳಗೆ ಕಿರಿದಾಗಿ ಮೇಲೆ ಅಗಲವಾಗಿದೆ. ಅದರೊಳಗೆ ನೈವೇದ್ಯದ ವಸ್ತುಗಳೂ ಮನುಷ್ಯರ ಎಲುಬುಗಳೂ ದೊರೆತಿವೆ. ಸುತ್ತುಗೋಡೆಯ ಸಂದುಗಳಲ್ಲಿಯೂ ಸತ್ತವರನ್ನು ಇಟ್ಟಿರುವುದು ಕಂಡುಬಂದಿದೆ. ಆದುದರಿಂದ ಇದನ್ನು ಕೇವಲ ಯುದ್ಧಕ್ಕಾಗಿ ಕಟ್ಟಿದ ಕೋಟೆಯೆನ್ನುವುದಕ್ಕಿಂತ, ಜನರು ಬದುಕಿದ, ಪೂಜಿಸಿದ, ತಮ್ಮ ಹಿರಿಯರನ್ನು ಜೊತೆಯಲ್ಲಿಟ್ಟುಕೊಂಡಿದ್ದ ಊರೆನ್ನುವುದು ಯುಕ್ತ.

ಇನ್ನು ಆ ದೊಡ್ಡ ಗೋಡೆಯ ವಿಚಾರ. ದೂರದಿಂದ ನೋಡಿದವರಿಗೆ ಅದು ಶತ್ರುಗಳನ್ನು ತಡೆಯತಕ್ಕ ಗೋಡೆಯಾಗಿ ತೋರುತ್ತದೆ. ಹತ್ತಿರ ಹೋಗಿ ವಿಚಾರಿಸಿದರೆ ಅದರ ಮೊದಲನೆಯ ಕೆಲಸವೇ ಬೇರೆಯೆಂದು ತಿಳಿಯುತ್ತದೆ. ಬೆಟ್ಟದ ಏಣು ಏರುಪೇರಾಗಿದ್ದುದರಿಂದ, ಅದರ ಮೇಲೆ ಊರು ಕಟ್ಟಬೇಕಾದರೆ ಮಟ್ಟಸವಾದ ಜಗಲಿ ಬೇಕಾಯಿತು. ಜಗಲಿಗಾಗಿ ಕಲ್ಲನ್ನೂ ಮಣ್ಣನ್ನೂ ತುಂಬಿದರು. ತುಂಬಿದ್ದು ಜಾರದಂತೆ ಸುತ್ತಲೂ ಗೋಡೆ ಎಬ್ಬಿಸಿದರು. ಎಂದರೆ ಈ ಗೋಡೆ ಒಳಗಿನ ಮಣ್ಣನ್ನು ಹಿಡಿದು ನಿಲ್ಲಿಸತಕ್ಕ ತಡೆಗೋಡೆ. ಇಂಥ ಗೋಡೆಗೆ ಹೊರಗಿನ ಶತ್ರುವಿಗಿಂತ ಒಳಗಿನ ನೀರೇ ದೊಡ್ಡ ಭಯ. ಒಣಮಣ್ಣು ತನ್ನ ಭಾರವನ್ನು ಬಹುಮಟ್ಟಿಗೆ ತಾನೇ ಹೊತ್ತುಕೊಂಡಿರುತ್ತದೆ. ಅದೇ ಮಣ್ಣು ನೀರು ಕುಡಿದರೆ ತೂಕ ಹೆಚ್ಚಿ, ಮೆತ್ತಗಾಗಿ, ಪಕ್ಕಕ್ಕೆ ನೂಕತೊಡಗುತ್ತದೆ. ಕೆರೆಯ ಏರಿಯನ್ನೋ ಹಳೆಯ ಬಾವಿಯ ಕಟ್ಟಡವನ್ನೋ ನೋಡಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ವೇಲಪನ್ನು ಕಟ್ಟಿದವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. ಜಗಲಿಯ ಮೇಲೆ ಬಿದ್ದ ನೀರು ಗೋಡೆಯ ಹೊರಕ್ಕೆ ಹರಿದುಹೋಗುವಂತೆ ನೆಲದಲ್ಲಿ ಕಲ್ಲಿನ ಕಾಲುವೆಗಳನ್ನು ಇಟ್ಟಿದ್ದರು. ಅವರ ಗುಂಡುಮನೆಗಳು ನೆಲದಿಂದ ಎದ್ದ ಕಲ್ಲುಕಟ್ಟೆಗಳ ಮೇಲೆ ನಿಂತಿದ್ದುವು; ಅನೇಕ ಕಟ್ಟೆಗಳ ಮೇಲಂಚಿನಲ್ಲಿ ತೆಳುವಾದ ಕಲ್ಲುಗಳನ್ನು ಹೊರಕ್ಕೆ ಚಾಚಿ ಕೂರಿಸಿದ್ದರು. ಮೇಲಿನಿಂದ ಇಳಿಯುವ ನೀರು ಗೋಡೆಯ ಮೈಯನ್ನು ನೆನೆಸದೆ ದೂರ ಬೀಳುವುದಕ್ಕೆ ಇಂಥ ಅಂಚು ಎಷ್ಟು ಸಹಾಯಕವೆಂಬುದು ಮನೆ ಕಟ್ಟುವ ಕೆಲಸಗಾರರೆಲ್ಲ ಬಲ್ಲ ವಿಷಯ. ಮೋಡವು ದಿನವೂ ಬಾಗಿಲಿಗೆ ಬರುವ ನಾಡಿನಲ್ಲಿ ನೀರನ್ನು ತಡೆಯುವುದು ಆಗದ ಕೆಲಸ. ಅದಕ್ಕೆ ದಾರಿ ಬಿಡುವುದೇ ಜಾಣತನ. ಈ ಒಂದು ತಿಳಿವಳಿಕೆಯ ಮೇಲೆಯೇ ಆ ಊರು ಒಂದು ಸಾವಿರ ವರ್ಷ ನಿಂತಿತ್ತು. ಆದುದರಿಂದ ಕ್ವೇಲಪಿಗೆ ಹೋದವರು ಗೋಡೆಯ ಎತ್ತರವನ್ನು ನೋಡಿ ಬೆರಗಾಗುವುದರ ಜೊತೆಗೆ, ಅದರ ಕಾಲುವೆಗಳನ್ನೂ ಅಂಚುಕಲ್ಲುಗಳನ್ನೂ ಹುಡುಕಿ ನೋಡಬೇಕು. ಕಟ್ಟಿದವರ ಬುದ್ಧಿ ಹೆಚ್ಚಾಗಿ ಅಲ್ಲಿದೆ.

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ, ೧೪೭೦ರ ಸುಮಾರಿಗೆ, ಇಂಕ ಚಕ್ರವರ್ತಿ ತುಪಾಕ್ ಇಂಕ ಯುಪಾಂಕಿಯು ಈ ಸೀಮೆಯ ಮೇಲೆ ದಂಡೆತ್ತಿ ಬಂದನು. ಚಾಚಪೊಯರು ಸುಲಭವಾಗಿ ಮಣಿಯಲಿಲ್ಲ. ಸೋತಮೇಲೂ ಮತ್ತೆ ಮತ್ತೆ ದಂಗೆಯೆದ್ದರು. ಹಾಗೆ ಎದುರುಬಿದ್ದ ಜನರನ್ನು ಬೇರುಸಹಿತ ಕಿತ್ತು ಸಾಮ್ರಾಜ್ಯದ ದೂರದ ಮೂಲೆಗಳಲ್ಲಿ ನೆಲೆಗೊಳಿಸುವುದು ಇಂಕರ ರಾಜನೀತಿ. ಚಾಚಪೊಯರಲ್ಲಿ ಎಷ್ಟೋ ಕುಟುಂಬಗಳಿಗೆ ಈ ಗತಿಯೊದಗಿತು. ಆ ಸಿಟ್ಟಿನಿಂದ, ಸ್ಪೇನಿನವರು ಬಂದಾಗ ಇವರಲ್ಲಿ ಹಲವರು ಅವರ ಪಕ್ಷವನ್ನು ಹಿಡಿದರು. ಅದರಿಂದ ಅವರಿಗೆ ಸುಖವೇನೂ ಬರಲಿಲ್ಲ. ಹೊಸಬರ ಜೊತೆಯಲ್ಲಿಯೇ ಸಿಡುಬು ದಡಾರಗಳು ಬಂದುವು. ಆ ರೋಗಗಳನ್ನು ಎಂದೂ ಕಂಡರಿಯದ ಜನ ಊರೂರೇ ಸತ್ತರು. ಉಳಿದವರನ್ನು ೧೫೭೦ ರಿಂದೀಚೆಗೆ ತೊಲೆದೊ ಎಂಬ ರಾಜಪ್ರತಿನಿಧಿಯ ಆಜ್ಞೆಯಂತೆ ಬೆಟ್ಟಗಳಿಂದ ಇಳಿಸಿ, ಹೊಸದಾಗಿ ಕಟ್ಟಿದ ಊರುಗಳಲ್ಲಿ ಕೂಡಿಹಾಕಿದರು. ಆ ಕಾಲದ ಸುಮಾರಿಗೆ ಕ್ವೇಲಪ್ ಬೆಂಕಿಗೆ ಸಿಕ್ಕಿ ಪಾಳುಬಿದ್ದಿತು. ಕಾಡು ಮೆಲ್ಲಗೆ ಬಂದು ಅದನ್ನು ಮುಚ್ಚಿತು.

ಅನಂತರದ ಕಥೆಯಲ್ಲಿ ಒಂದು ವಿಚಿತ್ರವಿದೆ. ಸ್ಪೇನಿನ ಚರಿತ್ರಕಾರ ಸಿಯೆಸಾ ದೆ ಲೆಯೋನನು ಹದಿನಾರನೆಯ ಶತಮಾನದ ಮಧ್ಯದಲ್ಲಿ ಚಾಚಪೊಯರನ್ನು ತಾನು ಕಂಡ ಇಂಡಿಯನರಲ್ಲೆಲ್ಲ ಹೆಚ್ಚು ಬಿಳುಪಾದ, ಚೆಲುವಾದ ಜನರೆಂದು ಬರೆದನು. ಈ ಒಂದು ಮಾತನ್ನು ಹಿಡಿದುಕೊಂಡು ಮುಂದಿನ ಕಾಲದ ಕೆಲವರು, ಇವರು ಯೂರೋಪಿನಿಂದಲೋ ಫಿನೀಷಿಯದಿಂದಲೋ ಹಡಗಿನಲ್ಲಿ ಬಂದವರಿರಬೇಕೆಂದು ಊಹೆಯ ಮೇಲೆ ಊಹೆಯನ್ನು ಕಟ್ಟಿದರು. ಅಗೆದು ನೋಡಿದವರಿಗೆ ಇದಕ್ಕೆ ಯಾವ ಆಧಾರವೂ ದೊರೆತಿಲ್ಲ. ಮಡಕೆ, ಬಟ್ಟೆ, ಎಲುಬು, ಬೆಳೆ, ಎಲ್ಲವೂ ಇವರು ಆಂಡೀಸಿನ ಮಕ್ಕಳೇ ಎಂದು ಹೇಳುತ್ತವೆ. ಒಂದು ಜನಾಂಗವು ಸೋತು ಮೂಕವಾದ ಮೇಲೆ, ಅದು ಕಟ್ಟಿದ ದೊಡ್ಡ ಗೋಡೆಯ ಕೀರ್ತಿಯನ್ನು ಬೇರೆ ಯಾರಿಗೋ ಕೊಟ್ಟುಬಿಡುವುದು ಪ್ರಪಂಚದಲ್ಲಿ ಬಹಳ ಕಡೆ ನಡೆದಿದೆ. ೧೮೪೩ ರಲ್ಲಿ ಹ್ವಾನ್ ಕ್ರಿಸೋಸ್ತೊಮೊ ನಿಯೆತೊ ಎಂಬ ನ್ಯಾಯಾಧಿಪತಿಯು ಕ್ವೇಲಪಿಗೆ ಬಂದು ಅದರ ವರದಿಯನ್ನು ಬರೆದಾಗಲೂ, ಅವನ ನೆನಪು ಓಡಿದ್ದು ಬೈಬಲಿನ ಬಾಬೆಲ್ ಗೋಪುರದ ಕಡೆಗೆ. ಅವನಿಗೆ ದಾರಿ ತೋರಿಸಿದ ಹಳ್ಳಿಯವರಿಗೆ ಮಾತ್ರ ಆ ಸ್ಥಳ ಮೊದಲಿನಿಂದಲೂ ಗೊತ್ತಿತ್ತು.

ಚಾಚಪೊಯರು ಬದುಕಿದ್ದವರಿಗೆ ಹೇಗೆ ಮನೆ ಕಟ್ಟಿದರೋ ಹಾಗೆಯೇ ಸತ್ತವರಿಗೂ ಮನೆ ಕಟ್ಟಿದರು. ಇದರಲ್ಲಿಯೂ ನೀರಿನ ವಿಚಾರವೇ ಮುಖ್ಯ. ನೆಲದಲ್ಲಿ ಹೂಳಿದರೆ ಆ ತೇವದ ಮಣ್ಣಿನಲ್ಲಿ ಯಾವುದೂ ಉಳಿಯದು. ಆದುದರಿಂದ ಮೇಲೆ ಬಂಡೆ ಚಾಚಿಕೊಂಡು ಮಳೆ ತಗಲದಿರುವ ಕಡಿದಾದ ಪ್ರಪಾತಗಳ ನಡುವೆ, ಕಿರಿದಾದ ಅಟ್ಟದಂಥ ಜಾಗಗಳನ್ನು ಆರಿಸಿಕೊಂಡರು. ರೆವಾಷ್ ಎಂಬಲ್ಲಿ ಇಂಥ ಬಂಡೆಯ ಮರೆಯಲ್ಲಿ ಕೆಂಪು ಬಣ್ಣ ಬಳಿದ ಪುಟ್ಟ ಮನೆಗಳ ಸಾಲೊಂದಿದೆ. ಇಳಿಜಾರು ಮಾಡುಗಳು ಸಹ ಉಂಟು. ಕರಹಿಯ ಎಂಬಲ್ಲಿ ಪ್ರಪಾತದ ನಡುವೆ ಮನುಷ್ಯಾಕಾರದ ದೊಡ್ಡ ಶವಪೇಟಿಕೆಗಳು ಸಾಲಾಗಿ ನಿಂತು ಕಣಿವೆಯನ್ನು ನೋಡುತ್ತಿವೆ. ಮಣ್ಣು, ಹುಲ್ಲು, ಮರಗಳಿಂದ ಮಾಡಿ ಬಣ್ಣ ಬಳಿದ ಇವುಗಳ ಎತ್ತರ ಸುಮಾರು ಎಂಟು ಅಡಿ. ಚಪ್ಪಟೆಯಾದ ಮುಖ, ಎದ್ದುಕಾಣುವ ಗದ್ದ. ಕೆಲವುಗಳ ತಲೆಯ ಮೇಲೆ ನಿಜವಾದ ಮನುಷ್ಯನ ತಲೆಬುರುಡೆ. ಒಳಗೆ ಬಟ್ಟೆಯಲ್ಲಿ ಸುತ್ತಿದ, ಕುಳಿತ ಭಂಗಿಯ ಶವ. ಮೊದಲು ಎಂಟಿದ್ದ ಇವುಗಳಲ್ಲಿ ಒಂದು ೧೯೨೮ರ ಭೂಕಂಪದಲ್ಲಿ ಕೆಳಕ್ಕೆ ಬಿದ್ದುಹೋಯಿತು. ಪೆರುವಿನ ವಿದ್ವಾಂಸ ಫೆದೆರಿಕೊ ಕೌಫ್ಮನ್ ದೊಯಿಗ್ ೧೯೮೫ ರಲ್ಲಿ ಇವುಗಳನ್ನು ಪರೀಕ್ಷಿಸಿ ಪ್ರಸಿದ್ಧಿಗೆ ತಂದರು.

ಲೇಮೆಬಂಬ ಎಂಬ ಊರಿನಿಂದ ಕುದುರೆಯ ಮೇಲೋ ಹೇಸರಗತ್ತೆಯ ಮೇಲೋ ಹತ್ತು ಹನ್ನೆರಡು ಗಂಟೆಗಳ ಪ್ರಯಾಣ ಮಾಡಿದರೆ ಕಾಂಡೋರುಗಳ ಸರೋವರವೆಂಬ ನಿರ್ಜನವಾದ ಕೊಳ ಸಿಕ್ಕುತ್ತದೆ. ಕಾಂಡೋರು ಎಂದರೆ ಆ ಪರ್ವತಗಳ ದೊಡ್ಡ ಹದ್ದು. ಆ ಕೊಳದ ಮೇಲಣ ಪ್ರಪಾತದಲ್ಲಿಯೂ ಇಂಥ ಶವಗೃಹಗಳಿದ್ದುವು. ಸುತ್ತಲೂ ನೀರು ತೊಟ್ಟಿಕ್ಕುವ ಕಾಡಿದ್ದರೂ ಆ ಅಟ್ಟ ಮಾತ್ರ ಒಣಗಿ ತಣ್ಣಗಿದ್ದುದರಿಂದ, ಒಳಗಿನ ಶವಗಳೂ ಬಟ್ಟೆಗಳೂ ಸುಮಾರು ಐದು ನೂರು ವರ್ಷ ಕೆಡದೆ ಉಳಿದಿದ್ದುವು. ೧೯೯೬ ರಲ್ಲಿ ಕೆಲವು ಕೂಲಿಗಾರರು ಅವನ್ನು ಕಂಡು, ಚಿನ್ನವಿರಬಹುದೆಂಬ ಆಸೆಯಿಂದ ಮಚ್ಚುಗತ್ತಿಯಿಂದ ಶವದ ಗಂಟುಗಳನ್ನು ಸೀಳಿ ಚೆಲ್ಲಾಡಿದರು. ಐದು ಶತಮಾನಗಳ ಮಳೆಯು ಮಾಡದ ಹಾನಿ ಕೆಲವು ದಿನಗಳಲ್ಲಿ ಆಯಿತು. ಸುದ್ದಿ ತಿಳಿದ ಮೇಲೆ ೧೯೯೭ ರಲ್ಲಿ ಸೋನಿಯ ಗಿಯೆನ್ ಎಂಬ ವಿದುಷಿಯ ನೇತೃತ್ವದಲ್ಲಿ ಶೋಧಕರು ಅಲ್ಲಿಗೆ ಹೋಗಿ, ೨೦೦ಕ್ಕೂ ಹೆಚ್ಚು ಶವಗಳನ್ನು ಹೇಸರಗತ್ತೆಗಳ ಮೇಲೆ ಹೇರಿಕೊಂಡು ಇಳಿಸಿದರು. ಅವುಗಳ ಜೊತೆಯಲ್ಲಿ ೩೨ ಕಿಪುಗಳೂ ದೊರೆತುವು. ಕಿಪುವೆಂದರೆ ದಾರಗಳಲ್ಲಿ ಗಂಟು ಹಾಕಿ ಲೆಕ್ಕವನ್ನು ಇಡತಕ್ಕ ಇಂಕರ ಪದ್ಧತಿ. ೨೦೦೦ ದಲ್ಲಿ ಲೇಮೆಬಂಬದಲ್ಲಿ ಇವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ತೆರೆಯಿತು.

ಅಲ್ಲಿ ಗಾಜಿನ ಆಚೆಗೆ, ಹವೆಯನ್ನು ಹದದಲ್ಲಿಟ್ಟ ಕೋಣೆಯೊಂದರಲ್ಲಿ, ಆ ಹಿರಿಯರು ಮೊಣಕಾಲು ಮಡಿಸಿ ಸಾಲಾಗಿ ಕುಳಿತಿರುವುದನ್ನು ಯಾತ್ರಿಕರು ನೋಡಬಹುದು. ಕೆಲವು ಗಂಟುಗಳ ಹೊರಬಟ್ಟೆಯ ಮೇಲೆ ಕಣ್ಣು ಮೂಗು ಬಾಯಿಗಳನ್ನು ದಾರದಿಂದ ಕಸೂತಿ ಹಾಕಿದೆ. ಅವರನ್ನು ಇದ್ದಲ್ಲಿಯೇ ಬಿಡಬೇಕಾಗಿತ್ತೆಂದು ಯಾರಾದರೂ ಅಂದರೆ ಆ ಮಾತಿನಲ್ಲಿ ಹುರುಳಿಲ್ಲದಿಲ್ಲ. ಬಿಟ್ಟಿದ್ದರೆ ಇಂದಿಗೆ ಒಂದೂ ಉಳಿಯುತ್ತಿರಲಿಲ್ಲವೆಂಬುದೂ ನಿಜ. ಒಂದು ಬಂಡೆಯ ಮರೆಯು ವೆಚ್ಚವಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಈಗ ಮನುಷ್ಯರು ದಿನವೂ ಎಚ್ಚರದಿಂದ ಮಾಡಬೇಕಾಗಿದೆ. ಅದು ಶವಗಳ ಗಂಟನ್ನು ಬಿಚ್ಚಿದ್ದರ ಬೆಲೆ.

ಕಾಡನ್ನು ಬಿಚ್ಚಿದರೂ ಹೀಗೆಯೇ. ದಕ್ಷಿಣಕ್ಕೆ, ಇಂದು ರಿಯೊ ಅಬಿಸೆಯೊ ಎಂಬ ರಾಷ್ಟ್ರೀಯ ಉದ್ಯಾನವಾಗಿರುವ ಅರಣ್ಯದಲ್ಲಿ, ಗ್ರಾನ್ ಪಹತೆನ್ ಎಂಬ ಪಾಳೂರೊಂದಿದೆ. ಅದರ ಗುಂಡು ಕಟ್ಟಡಗಳ ಮೇಲೆ ತೆಳುಗಲ್ಲಿನ ಚೂರುಗಳನ್ನು ಜೋಡಿಸಿ ಮನುಷ್ಯರನ್ನೂ ಹಕ್ಕಿಗಳನ್ನೂ ಚಿತ್ರಿಸಿದೆ. ೧೯೬೦ರ ದಶಕದಲ್ಲಿ ಈ ಸ್ಥಳ ಹೊರಜಗತ್ತಿಗೆ ತಿಳಿದಾಗ, ನೋಡುವ ಅವಸರದಲ್ಲಿ ಅದರ ಮೇಲಿನ ಮರಗಿಡಗಳನ್ನೂ ಪಾಚಿಯನ್ನೂ ಕಡಿದು ಕೆರೆದು ತೆಗೆದರು. ಬೇರುಗಳು ಬಿಗಿಹಿಡಿದಿದ್ದ ಕಲ್ಲುಗಳು ಸಡಿಲಿದುವು. ಎಲೆಯ ಮರೆಯಲ್ಲಿದ್ದ ಚಿತ್ರಗಳು ನೇರವಾಗಿ ಮಳೆಗೂ ಬಿಸಿಲಿಗೂ ಸಿಕ್ಕಿ ಸವೆಯತೊಡಗಿದುವು. ಮುಂದೆ ಆ ಸ್ಥಳವನ್ನು ಸಾಮಾನ್ಯ ಯಾತ್ರಿಕರಿಗೆ ಮುಚ್ಚಿದರು. ಆದರೆ ೨೦೨೫ ರಲ್ಲಿ ಅದೇ ಸ್ಥಳದಿಂದ ಸಂತೋಷಕರವಾದ ವಾರ್ತೆಯೊಂದು ಬಂದಿತು. ಲೈಡಾರ್ ಎಂಬ ಯಂತ್ರವು ಬೆಳಕಿನ ಕಿರಣಗಳನ್ನು ಕಾಡಿನ ಮೇಲೆ ಸುರಿದು, ಎಲೆಗಳ ಸಂದಿನಿಂದ ನೆಲವನ್ನು ಮುಟ್ಟಿ ಮರಳಿದ ಕಿರಣಗಳಿಂದ ನೆಲದ ಆಕಾರವನ್ನು ಗುರುತಿಸುತ್ತದೆ. ಇದರ ಸಹಾಯದಿಂದ ಅಲ್ಲಿ ಹೊಸದಾಗಿ ನೂರಕ್ಕೂ ಹೆಚ್ಚು ಕಟ್ಟಡಗಳನ್ನು ಪತ್ತೆಮಾಡಿದರು. ಅದಕ್ಕಾಗಿ ಕಾಡನ್ನು ಬೋಳುಮಾಡಬೇಕಾಗಲಿಲ್ಲ. ಬಿಚ್ಚದೆಯೇ ನೋಡುವ ಉಪಾಯವನ್ನು ಮನುಷ್ಯನು ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಕಲಿತಂತಾಯಿತು.

ಕ್ವೇಲಪಿನ ಗೋಡೆಯ ಇತ್ತೀಚಿನ ಕಥೆಯನ್ನೂ ಹೇಳಬೇಕು. ೨೦೧೭ ರಲ್ಲಿ ನ್ಯೂವೊ ತಿಂಗೊ ಎಂಬ ಊರಿನ ಕಡೆಯಿಂದ ಬೆಟ್ಟದ ಮೇಲಕ್ಕೆ ಕೇಬಲ್ ಕಾರು ಎಂಬ ತೂಗುಬಂಡಿಯ ದಾರಿ ತೆರೆಯಿತು. ಸುಮಾರು ಎರಡೂವರೆ ಮೈಲಿಗಳ ಆ ದಾರಿಯನ್ನು ಇಪ್ಪತ್ತು ನಿಮಿಷಗಳಲ್ಲಿ ದಾಟಬಹುದಾದುದರಿಂದ, ಹಿಂದೆ ಕಾಲುನಡಿಗೆಯಲ್ಲಿ ಅರ್ಧ ದಿನ ಏರುತ್ತಿದ್ದ ಸ್ಥಳಕ್ಕೆ ಜನ ಹೆಚ್ಚಾಗಿ ಬರತೊಡಗಿದರು. ೨೦೨೧ರ ನವಂಬರ್ ೨೮ ರಂದು ಆ ಪ್ರಾಂತದಲ್ಲಿ ದೊಡ್ಡ ಭೂಕಂಪವಾಯಿತು. ಹಾಲ್ಕ ಎಂಬ ಊರಿನ ಹಳೆಯ ಇಗರ್ಜಿಯ ಗೋಪುರ ಕುಸಿದುಬಿದ್ದಿತು. ಮರುವರ್ಷ ಜೋರಾದ ಮಳೆಗಾಲ. ೨೦೨೨ರ ಏಪ್ರಿಲ್ ೧೦ ರಂದು ಕ್ವೇಲಪಿನ ಸುತ್ತುಗೋಡೆಯ ದಕ್ಷಿಣಭಾಗದ ಒಂದು ತುಂಡು ಒಳಗಿನ ಮಣ್ಣುಕಲ್ಲುಗಳೊಡನೆ ಕಳಚಿಬಿದ್ದಿತು. ಮಳೆನೀರು ಜಗಲಿಯೊಳಕ್ಕೆ ಇಳಿದು ತುಂಬಿದ್ದೇ ಇದಕ್ಕೆ ಕಾರಣ. ಒಂದು ಸಾವಿರ ವರ್ಷಗಳ ಹಿಂದಿನ ಕೆಲಸಗಾರರು ಯಾವುದಕ್ಕೆ ಹೆದರಿ ಕಾಲುವೆಗಳನ್ನು ಇಟ್ಟಿದ್ದರೋ ಅದೇ ಆಯಿತು. ಕೆಲವು ಕಾಲ ಸ್ಥಳವನ್ನು ಮುಚ್ಚಿ, ಅನಂತರ ಗೊತ್ತುಮಾಡಿದ ಮಾರ್ಗದಲ್ಲಿ ಮಾತ್ರ ನೋಡಲು ಬಿಟ್ಟರು. ಬಿದ್ದ ಕಲ್ಲುಗಳನ್ನು ಎಣಿಸಿ, ಗುರುತು ಹಾಕಿ, ಮತ್ತೆ ಎತ್ತಿ ಕಟ್ಟುವುದು ತಾಳ್ಮೆಯ ಕೆಲಸ. ನೀರು ಹೋಗುವ ದಾರಿಯನ್ನು ಸರಿಮಾಡದೆ ಎಷ್ಟು ಕಟ್ಟಿದರೂ ಪ್ರಯೋಜನವಿಲ್ಲವೆಂಬುದು ಈಗ ಎಲ್ಲರಿಗೂ ಮನವರಿಕೆಯಾಗಿದೆ.

ಈ ನಾಡಿಗೆ ಹೋಗಬೇಕೆನ್ನುವವರಿಗೆ ಎರಡು ಮೂರು ಸೂಚನೆಗಳು. ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಮೆ. ಪ್ರಯಾಣಕ್ಕೆ ಅದೇ ಅನುಕೂಲ ಕಾಲ. ಮಿಕ್ಕ ತಿಂಗಳುಗಳಲ್ಲಿ ಬೆಟ್ಟದ ರಸ್ತೆಗಳ ಮೇಲೆ ಮಣ್ಣು ಕುಸಿಯುವುದುಂಟು. ರಾಜಧಾನಿಯಾದ ಲೀಮಾದಿಂದ ಹಾಯೆನ್ ಪಟ್ಟಣಕ್ಕೆ ವಿಮಾನದಲ್ಲಿ ಹೋಗಿ, ಅಲ್ಲಿಂದ ಸುಮಾರು ನಾಲ್ಕು ಗಂಟೆಗಳ ಕಾಲ ಮೋಟಾರಿನಲ್ಲಿ ಸಾಗಿದರೆ ಚಾಚಪೊಯಾಸ್ ಸಿಕ್ಕುತ್ತದೆ. ಹತ್ತು ಸಾವಿರ ಅಡಿಗಳ ಎತ್ತರದಲ್ಲಿ ಉಸಿರು ಬೇಗ ಸೋಲುವುದರಿಂದ, ಬಂದ ದಿನವೇ ಬೆಟ್ಟವನ್ನೇರದೆ ಪಟ್ಟಣದಲ್ಲಿ ಒಂದು ದಿನ ವಿಶ್ರಮಿಸುವುದು ಲೇಸು. ಬೇಸಗೆಯಲ್ಲಿಯೂ ಮಳೆಯಂಗಿ ಕೈಯಲ್ಲಿರಬೇಕು. ಹಳ್ಳಿಯವರನ್ನೇ ದಾರಿ ತೋರಿಸುವುದಕ್ಕೆ ಕರೆದುಕೊಂಡರೆ ಅವರಿಗೂ ನಾಲ್ಕು ಕಾಸು ದೊರೆಯುತ್ತದೆ, ಬಂದವರಿಗೂ ಪುಸ್ತಕದಲ್ಲಿಲ್ಲದ ಸಂಗತಿಗಳು ತಿಳಿಯುತ್ತವೆ. ಸರ್ಕಾರದವರು ಹಗ್ಗ ಕಟ್ಟಿ ತಡೆದಿರುವ ಕಡೆ ಕಾಲಿಡಬಾರದು. ಗೋಡೆಯ ಅಂಚಿನ ಮೇಲೆ ನಿಂತು ಕಣಿವೆಯನ್ನು ನೋಡುವ ಆಸೆಯನ್ನು ಅಡಗಿಸಿಕೊಳ್ಳಬೇಕು. ಒಬ್ಬನ ಹೆಜ್ಜೆಯಿಂದ ಏನೂ ಆಗದು. ಸಾವಿರಾರು ಹೆಜ್ಜೆಗಳಿಂದ ಮಣ್ಣು ಗಟ್ಟಿಯಾಗಿ, ಕಾಲುವೆಯ ಬಾಯಿ ಮುಚ್ಚಿ, ನೀರು ನಿಲ್ಲತೊಡಗುತ್ತದೆ.

ಒಂದು ಮುಂಜಾನೆ ಕ್ವೇಲಪಿಗೆ ಹೋದವರಿಗೆ ಕಣಿವೆಯೆಲ್ಲ ಮಂಜಿನಿಂದ ತುಂಬಿ, ಗೋಡೆಯೂ ಕಾಣದೆ, ಬಂದದ್ದು ವ್ಯರ್ಥವಾಯಿತೆಂದು ಬೇಸರವಾಗಬಹುದು. ಅಂಥವರು ಒಂದು ಗಳಿಗೆ ಕಾದರೆ ಸಾಕು. ಗಾಳಿ ಬೀಸಿ ಮಂಜು ಸರಿಯುತ್ತದೆ. ಗೋಡೆಯ ಒಂದೊಂದು ಸಾಲೂ ಕಾಣಿಸಿಕೊಳ್ಳುತ್ತದೆ. ತಮ್ಮ ಹೆಸರನ್ನು ಕೂಡ ಬಿಟ್ಟುಹೋಗದ ಜನ ಆ ಮಂಜಿನ ನಡುವೆಯೇ ಹೊಲವನ್ನು ಉತ್ತು, ಮಕ್ಕಳನ್ನು ಸಾಕಿ, ಮಳೆಗಾಲ ಬರುವ ಮೊದಲು ಕಾಲುವೆಗಳ ಕಸವನ್ನು ತೆಗೆಯುತ್ತಿದ್ದಿರಬೇಕು. ಇಂದು ಆ ಬೆಟ್ಟದ ಮೇಲೆ ಕೆಲಸ ಮಾಡುತ್ತಿರುವವರು ಸುತ್ತಣ ಹಳ್ಳಿಗಳ ಜನರೇ. ಅವರು ಎತ್ತಿಕೊಂಡಿರುವುದು ಆ ಹಳೆಯ ಕೆಲಸವನ್ನೇ.